ಮೀಜಾನ್: ತಕ್ಕಡಿಯ ತತ್ವ ಮತ್ತು ನೊಯ್ಯಲ್ ನದಿಯ ಬಾಕಿ

ತೂಗುವ ಸಾಧನಕ್ಕೆ ಕನ್ನಡದಲ್ಲಿ ತಕ್ಕಡಿ ಎಂಬ ಹೆಸರಿದೆ. ತ್ರಾಸು ಎಂಬ ಹೆಸರೂ ಇದೆ. ತಮಿಳಿನಲ್ಲಿ ಅದು ತರಾಸು. ಕೊಯಮತ್ತೂರಿನ ಸಂತೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರನೂ, ಮನೆಯೊಳಗೆ ದಖನಿ ಆಡುವ ವ್ಯಾಪಾರಿಯೂ, ತಮಿಳನ್ನೇ ತಾಯ್ನುಡಿಯಾಗಿ ಉಳ್ಳ ರಾವುತ್ತರೂ ಪರಸ್ಪರ ವಿವರಣೆ ಕೇಳದೆ ಬಳಸಬಹುದಾದ ಪದವಿದು. ಇದರ ಮೂಲ ಪಾರಸಿಯ ತರಾಜೂ. ಸರಕು ತೂಗುವ ಉಪಕರಣದ ಹೆಸರು ಭಾಷೆಯಿಂದ ಭಾಷೆಗೆ ದಾಟಿದಾಗ ಅದರ ಜೊತೆಗೆ ತೂಕದ ಬಗೆಗಿನ ಒಂದು ನೀತಿಯೂ ದಾಟಿತೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಸ್ಲಾಮಿನ ಚಿಂತನೆಯಲ್ಲಿ ಈ ನೀತಿಗೆ ಮೀಜಾನ್ ಎಂಬ ಹೆಸರು. ಆಕಾಶ, ನೀರು, ಮರಗಿಡಗಳ ವ್ಯವಸ್ಥೆಯನ್ನೂ ಅಂಗಡಿಯ ಕಟ್ಟೆಯ ಮೇಲಿನ ತೂಕದ ಬಟ್ಟನ್ನೂ ಒಂದೇ ಪದದಲ್ಲಿ ಹಿಡಿಯುವ ಪರಿಕಲ್ಪನೆಯಿದು. ಮೈಸೂರಿನ ಆಳ್ವಿಕೆಯನ್ನೂ, ಕೆರೆ ನೀರಿನ ಹಂಚಿಕೆಯನ್ನೂ, ಬಣ್ಣದ ಉದ್ಯಮದ ಏಳುಬೀಳನ್ನೂ ಕಂಡ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ನೆಲದಲ್ಲಿ ಈ ಪರಿಕಲ್ಪನೆಯನ್ನು ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ಹಾದಿ

ಮೀಜಾನ್ ಎಂಬುದು ಅರಬ್ಬಿಯ ವಜ್ನ್ ಧಾತುವಿನಿಂದ ಹುಟ್ಟಿದ ನಾಮಪದ. ವಜ್ನ್ ಎಂದರೆ ತೂಕ. ಕನ್ನಡದ ವಜನು ಇದೇ ಪದ. ಮಾತಿಗೆ ವಜನಿಲ್ಲ ಎನ್ನುವಾಗ ಕನ್ನಡಿಗರು ತಿಳಿಯದೆಯೇ ಈ ಧಾತುವನ್ನು ಬಳಸುತ್ತಾರೆ. ಅರಬ್ಬಿ, ಪಾರಸಿ, ಉರ್ದು ಛಂದಶ್ಶಾಸ್ತ್ರಗಳಲ್ಲಿ ವಜ್ನ್ ಎಂದರೆ ಪದ್ಯದ ಗತಿ. ಒಂದು ಸಾಲಿನ ಗುರುಲಘುಗಳು ಇನ್ನೊಂದು ಸಾಲಿನವುಗಳೊಡನೆ ಸಮನಾಗಿ ತೂಗಬೇಕು ಎಂಬುದು ಅಲ್ಲಿನ ಭಾವ. ಉರ್ದು ಹಾಗೂ ದಖನಿಯ ಲೆಕ್ಕಪತ್ರಗಳಲ್ಲಿ ಮೀಜಾನ್ ಎಂದರೆ ಒಟ್ಟು ಮೊತ್ತ. ಪಟ್ಟಿಯ ಕೊನೆಯಲ್ಲಿ ಗೆರೆ ಎಳೆದು ಬರೆಯುವ ಅಂಕಿಯದು.

ಇದರ ನೆರೆಯ ಪದಗಳೂ ಗಮನಾರ್ಹ. ಅದ್ಲ್ ಎಂದರೆ ನ್ಯಾಯ. ಅದರ ಮೂಲಾರ್ಥ ಎರಡು ಬದಿಯ ಹೊರೆಯನ್ನು ಸಮ ಮಾಡುವುದು. ಕನ್ನಡದ ಹಳೆಯ ಕಚೇರಿ ಭಾಷೆಯ ಅದಾಲತ್ತು ಇಲ್ಲಿಂದ ಬಂದದ್ದು. ಇಅತಿದಾಲ್ ಎಂದರೆ ಮಿತ. ಅದೂ ಅದೇ ಧಾತು. ವಸತ್ ಎಂದರೆ ನಡು, ಅತಿರೇಕಗಳೆರಡರ ಮಧ್ಯದ ನೆಲೆ. ಇವಕ್ಕೆ ಎದುರಾದ ಪದ ಫಸಾದ್, ಎಂದರೆ ಕೆಡುವಿಕೆ, ನೆಲೆತಪ್ಪಿ ಹಾಳಾಗುವುದು. ಜಮಾ, ಬಾಕಿ, ವಸೂಲಿ, ಜಮಾಬಂದಿ, ಅಮಲ್ದಾರ, ತಹಶೀಲ್ದಾರ, ತಾಲ್ಲೂಕು ಮೊದಲಾದ ಪದಗಳ ದಂಡೇ ಕನ್ನಡದ ಆಡಳಿತ ಭಾಷೆಗೆ ಅರಬ್ಬಿ-ಪಾರಸಿ ಮೂಲದಿಂದ ಬಂದಿದೆ. ಈ ಪದಗಳು ಕನ್ನಡಕ್ಕೆ ಧರ್ಮೋಪದೇಶದ ದಾರಿಯಿಂದ ಬರಲಿಲ್ಲ, ಲೆಕ್ಕದ ದಾರಿಯಿಂದ ಬಂದವು. ತೂಗುವವನ ನೀತಿ ಹಿಂದುಳಿದು ತೂಕದ ಅಂಕಿ ಮಾತ್ರ ಮುಂದೆ ನಡೆದ ಹಲವು ಸಂದರ್ಭಗಳು ಮುಂದಿನ ಚರಿತ್ರೆಯಲ್ಲಿ ಕಾಣಸಿಗುತ್ತವೆ.

ಗ್ರಂಥದ ತಕ್ಕಡಿ, ಸಂತೆಯ ತಕ್ಕಡಿ

ಕುರ್‌ಆನಿನ 55ನೆಯ ಅಧ್ಯಾಯವಾದ ಅರ್‌ರಹ್ಮಾನ್‌ನ ಆರಂಭದಲ್ಲಿ ಸೂರ್ಯಚಂದ್ರರ ಲೆಕ್ಕಬದ್ಧ ಚಲನೆ, ಗಿಡಮರಗಳ ವಿಧೇಯತೆ, ಎತ್ತರಕ್ಕೇರಿಸಿದ ಆಕಾಶ ಇವುಗಳ ಸಾಲಿನಲ್ಲೇ ತಕ್ಕಡಿಯ ಪ್ರಸ್ತಾಪ ಬರುತ್ತದೆ. ಸೃಷ್ಟಿಯಲ್ಲಿ ಸಮತೋಲವನ್ನು ನೆಲೆಗೊಳಿಸಲಾಗಿದೆ, ಅದನ್ನು ಮನುಷ್ಯ ಮೀರಕೂಡದು ಎಂಬ ಅರ್ಥದ ಮಾತಿನ ಬೆನ್ನಿಗೇ ತೂಕದಲ್ಲಿ ಮೋಸ ಮಾಡಕೂಡದು ಎಂಬ ವಿಧಿ ಇದೆ. ಮೀಜಾನ್ ಎಂಬ ಪದ ಅಲ್ಲಿ ಅನುಕ್ರಮವಾಗಿ ಮೂರು ಬಾರಿ ಬರುತ್ತದೆ: ಮೊದಲು ಬ್ರಹ್ಮಾಂಡದ ಅರ್ಥದಲ್ಲಿ, ಬಳಿಕ ನಡತೆಯ ಅರ್ಥದಲ್ಲಿ, ಕೊನೆಗೆ ಅಂಗಡಿಯ ಅರ್ಥದಲ್ಲಿ. ಈ ಮೂರು ಅರ್ಥಗಳ ನಡುವೆ ಗ್ರಂಥ ಗೋಡೆ ಎಬ್ಬಿಸುವುದಿಲ್ಲ. 83ನೆಯ ಅಧ್ಯಾಯದ ಹೆಸರೇ ಅಳತೆಯಲ್ಲಿ ಕಡಿಮೆ ಕೊಡುವವರನ್ನು ಕುರಿತದ್ದು: ಕೊಳ್ಳುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿತ ಮಾಡುವವರು ಅಲ್ಲಿ ಖಂಡನೆಗೆ ಗುರಿಯಾಗಿದ್ದಾರೆ. ಮದ್ಯನ್ ಜನರ ಬಳಿಗೆ ಬಂದ ಪ್ರವಾದಿ ಶುಐಬರ ಉಪದೇಶದಲ್ಲಿಯೂ ತೂಕದ ಮೋಸ ಮತ್ತು ನೆಲವನ್ನು ಕೆಡಿಸುವುದು ಒಟ್ಟೊಟ್ಟಿಗೆ ಬರುತ್ತವೆ.

ನೀರಿನ ಸಂಬಂಧದಲ್ಲಿ ಸಮೂದ್ ಜನರ ಕಥೆ ಹೆಚ್ಚು ಅರ್ಥಪೂರ್ಣವಾದದ್ದು. ಪ್ರವಾದಿ ಸಾಲಿಹರು ತೋರಿದ ಹೆಣ್ಣೊಂಟೆಗೂ ಊರಿನವರಿಗೂ ನೀರಿನ ಸರದಿ ಗೊತ್ತುಮಾಡಲಾಯಿತು: ಒಂದು ದಿನ ಅದಕ್ಕೆ, ಒಂದು ದಿನ ಇವರಿಗೆ. ಊರಿನವರು ಸರದಿಯನ್ನು ಮುರಿದು ಒಂಟೆಯನ್ನು ಕೊಂದರು, ಊರು ಉಳಿಯಲಿಲ್ಲ. ಕೆರೆಯ ನೀರನ್ನು ಸರದಿಯ ಮೇಲೆ ಬಿಡುವ ನೀರುಗಂಟಿಯನ್ನು ಬಲ್ಲ ಕನ್ನಡ ನಾಡಿನ ಓದುಗರಿಗೆ ಈ ಕಥೆಯ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತು ಬಾರದ ಪ್ರಾಣಿಗೂ ನೀರಿನಲ್ಲಿ ಪಾಲಿದೆ, ಆ ಪಾಲನ್ನು ಕಿತ್ತುಕೊಳ್ಳುವುದು ತಕ್ಕಡಿಯನ್ನು ವಾಲಿಸಿದಂತೆ ಎಂಬುದು ಅದರ ಒಳದನಿ. ಇಬ್ನ್ ಮಾಜಃ ಅವರ ಹದೀಸ್ ಸಂಗ್ರಹದಲ್ಲಿ, ಹರಿಯುವ ನದಿಯ ದಡದಲ್ಲಿದ್ದರೂ ಪ್ರಾರ್ಥನೆಗೆ ಮುನ್ನ ಕೈಕಾಲು ತೊಳೆಯುವಾಗ ನೀರನ್ನು ಪೋಲು ಮಾಡಕೂಡದು ಎಂಬ ಅಭಿಪ್ರಾಯದ ಪ್ರಸಂಗವೊಂದಿದೆ. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಮುಸಲ್ಮಾನರೆಲ್ಲರೂ ಪಾಲುದಾರರು ಎಂಬ ಮಾತು ಅಬೂ ದಾವೂದರ ಸಂಗ್ರಹದಲ್ಲಿದೆ.

ಈ ಬೀಜಗಳಿಂದ ಮುಂದೆ ಮೂರು ಶಾಖೆಗಳು ಬೆಳೆದವು. ಮೊದಲನೆಯದು ತತ್ವಶಾಸ್ತ್ರ. 1111ರಲ್ಲಿ ತೀರಿಕೊಂಡ ಅಲ್-ಗಜಾಲಿ ತಮ್ಮ ನೀತಿಗ್ರಂಥವೊಂದಕ್ಕೆ ಕರ್ಮದ ತಕ್ಕಡಿ ಎಂಬರ್ಥದ ಮೀಜಾನ್ ಅಲ್-ಅಮಲ್ ಎಂಬ ಹೆಸರಿಟ್ಟರು. ದುಡುಕು ಮತ್ತು ಹೇಡಿತನಗಳ ನಡುವೆ ಧೈರ್ಯ, ದುಂದು ಮತ್ತು ಜಿಪುಣತನಗಳ ನಡುವೆ ಔದಾರ್ಯ ಎಂಬ ಅವರ ವಿವೇಚನೆಯಲ್ಲಿ ಗ್ರೀಕ್ ಚಿಂತನೆಯ ಮಧ್ಯಮಮಾರ್ಗವೂ ಕುರ್‌ಆನಿನ ಮಿತದ ಉಪದೇಶವೂ ಕೂಡಿಕೊಂಡಿವೆ. ಎರಡನೆಯದು ವಿಜ್ಞಾನ. ಮರ್ವ್ ನಗರದ ಅಲ್-ಖಾಜಿನಿ 1121ರ ಸುಮಾರಿಗೆ ಬರೆದ ಮೀಜಾನ್ ಅಲ್-ಹಿಕ್ಮಾ ನೀರಿನಲ್ಲಿ ಮುಳುಗಿಸಿ ಲೋಹಗಳ ಶುದ್ಧತೆಯನ್ನು ಅಳೆಯುವ ತಕ್ಕಡಿಯನ್ನು ಕುರಿತ ಗ್ರಂಥ. ಮೂರನೆಯದು ಸಂತೆಯ ಆಡಳಿತ. ಅಳತೆ, ತೂಕ, ಬೀದಿಯ ನೈರ್ಮಲ್ಯ, ಕಸುಬುಗಳ ಪ್ರಾಮಾಣಿಕತೆ ಇವನ್ನು ನೋಡಿಕೊಳ್ಳುವ ಮುಹ್ತಸಿಬ್ ಎಂಬ ಅಧಿಕಾರಿಗಾಗಿ ಕೈಪಿಡಿಗಳೇ ಹುಟ್ಟಿಕೊಂಡವು.

12ನೆಯ ಶತಮಾನದ ಸಿರಿಯಾದ ಅಶ್-ಶೈಜರಿಯ ಕೈಪಿಡಿಯಲ್ಲಿ ಬಣ್ಣಗಾರರಿಗೇ ಮೀಸಲಾದ ಅಧ್ಯಾಯವೊಂದಿದೆ. ಕೆಂಪಿಗೆ ಬೇಕಾದ ಮಂಜಿಷ್ಠದ ಬೇರಿನ ಬದಲು ಅಗ್ಗದ ಗೋರಂಟಿಯನ್ನು ಬಳಸಿ, ಬಿಸಿಲಿಗೆ ಬಣ್ಣ ಮಾಸುವಂತೆ ಮಾಡುವ ಬಣ್ಣಗಾರರ ಮೇಲೆ ಕಣ್ಣಿಡಬೇಕೆಂದು ಅದು ಸೂಚಿಸುತ್ತದೆ. ಬಟ್ಟೆ ಕೊಳ್ಳುವವನ ಹಿತರಕ್ಷಣೆ ಈ ನಿಯಮದ ಗುರಿ. ಬಣ್ಣದ ನೀರು ಹರಿದುಹೋಗುವ ಕಾಲುವೆಯ ರಕ್ಷಣೆಯಲ್ಲ. ಮೀಜಾನ್‌ನ ಸಂಪ್ರದಾಯವನ್ನು ಆಧುನಿಕ ಪರಿಸರವಾದದ ಪೂರ್ವರೂಪವೆಂದು ನೇರವಾಗಿ ಬಣ್ಣಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು. ಮಾರುವವನು ಮತ್ತು ಕೊಳ್ಳುವವನು ತಕ್ಕಡಿಯ ಎರಡು ತಟ್ಟೆಗಳು. ಮಾರಾಟದಲ್ಲಿ ಭಾಗವಹಿಸದ ಮೂರನೆಯವನು, ಎಂದರೆ ಕೆಳದಂಡೆಯ ನೆರೆಯವನು, ಎಲ್ಲಿ ನಿಲ್ಲಬೇಕು?

ಅವನಿಗೂ ನ್ಯಾಯಶಾಸ್ತ್ರದಲ್ಲಿ ಎಡೆಯಿತ್ತು, ಆದರೆ ಬೇರೆಡೆಯಲ್ಲಿ. ಯಾರೂ ಹಾನಿ ಮಾಡಕೂಡದು, ಹಾನಿಗೆ ಪ್ರತಿಯಾಗಿ ಹಾನಿಯನ್ನೂ ಎಸಗಕೂಡದು ಎಂಬ ಆಶಯದ ಸೂತ್ರವೊಂದು ಇಸ್ಲಾಮೀ ನ್ಯಾಯಶಾಸ್ತ್ರದ ತಳಹದಿಗಳಲ್ಲಿ ಒಂದು. 1869ರಿಂದ 1876ರ ನಡುವೆ ಉಸ್ಮಾನಿ ಸಾಮ್ರಾಜ್ಯ ರೂಪಿಸಿದ ಮಜಲ್ಲಾ ಸಂಹಿತೆಯಲ್ಲಿ ಅದು 19ನೆಯ ವಿಧಿಯಾಗಿ ಸೇರಿದೆ. ಬಾವಿಯ ಸುತ್ತ ಯಾರೂ ಇನ್ನೊಂದು ಬಾವಿ ತೋಡಬಾರದ ರಕ್ಷಿತ ವಲಯಕ್ಕೆ ಹರೀಮ್ ಎಂಬ ಹೆಸರು. ಬಾವಿಗೆ ಎಲ್ಲ ಕಡೆಯೂ 40 ಮೊಳ, ಊಟೆಗೆ 500 ಮೊಳ ಎಂದು ಅದೇ ಸಂಹಿತೆ ಗೊತ್ತುಮಾಡಿತು. ನೀರಿಗೂ ಒಂದು ಮರ್ಯಾದೆಯ ಗೆರೆಯಿದೆ, ಒಡೆಯನ ಹಕ್ಕು ಆ ಗೆರೆಯಲ್ಲಿ ನಿಲ್ಲುತ್ತದೆ ಎಂಬ ಭಾವ ಇಲ್ಲಿ ಅಂಕಿಗಳಲ್ಲಿ ಮೂಡಿದೆ.

ಮೈಸೂರಿನ ಆಳ್ವಿಕೆಯ ಕಾಲ

ಕೊಯಮತ್ತೂರು ಪ್ರದೇಶ 17ನೆಯ ಶತಮಾನದಲ್ಲಿ ಮೈಸೂರು ಒಡೆಯರ ಕೈಸೇರಿತು. ಹೈದರಲಿ ಮತ್ತು ಟಿಪ್ಪುಸುಲ್ತಾನರ ಕಾಲದಲ್ಲಿ ಮೈಸೂರಿನ ದಕ್ಷಿಣದ ಮುಖ್ಯ ಸೀಮೆಯಾಗಿತ್ತು. ಮೈಸೂರು ಪ್ರಸ್ಥಭೂಮಿಯಿಂದ ಗಜಲಹಟ್ಟಿಯ ಕಣಿವೆ ಇಳಿದರೆ ಸತ್ಯಮಂಗಲ, ಅಲ್ಲಿಂದ ಮುಂದೆ ಕೊಯಮತ್ತೂರು, ಪಾಲಕ್ಕಾಡು. ಸೈನ್ಯ, ಸಾಮಾನು, ಲೆಕ್ಕಿಗರು ಎಲ್ಲರೂ ಈ ದಾರಿಯಲ್ಲೇ ಇಳಿದರು. ಇಂದಿಗೂ ಕೊಯಮತ್ತೂರಿನ ಮುಸಲ್ಮಾನರ ಹಳೆಯ ವಸತಿಯಾಗಿರುವ ಕೋಟೈಮೇಡು ಎಂಬ ಹೆಸರು ಅಲ್ಲಿದ್ದ ಕೋಟೆಯ ನೆನಪನ್ನು ಉಳಿಸಿಕೊಂಡಿದೆ. 1799ರಲ್ಲಿ ಟಿಪ್ಪುವಿನ ಮರಣದ ನಂತರ ಈ ಸೀಮೆ ಕಂಪನಿಯ ಪಾಲಾಯಿತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು ಎಂಬುದು ಈ ಎರಡು ನಾಡುಗಳ ಗಡಿ ಎಷ್ಟು ಇತ್ತೀಚಿನದು ಎಂಬುದನ್ನು ನೆನಪಿಸುತ್ತದೆ.

ಟಿಪ್ಪುವಿನ ಕಾಲದಲ್ಲಿ ಹೊಸ ಪಂಚಾಂಗ ಬಂದಿತು. ಅಳತೆ ತೂಕಗಳಿಗೆ ಹೊಸ ಹೆಸರು ಬಂದವು. ನಾಣ್ಯಗಳು ಅಹ್ಮದಿ, ಹೈದರಿ, ಇಮಾಮಿ ಎಂಬ ಧಾರ್ಮಿಕ ಸ್ಮರಣೆಯ ಹೆಸರುಗಳನ್ನು ಪಡೆದವು. ತೂಕವನ್ನು ಗೊತ್ತುಮಾಡುವುದು ಅರಸನ ಧರ್ಮ ಎಂಬ ಭಾವನೆ ಇದರ ಹಿಂದೆ ಇದೆ. ಈ ದೃಷ್ಟಿಯಿಂದ ಅವನ ಕಂದಾಯ ನಿಬಂಧನೆಗಳು ಹೆಚ್ಚು ಮುಖ್ಯವಾದವು. ಪಾರಸಿಯಲ್ಲಿದ್ದ ಈ ನಿಬಂಧನೆಗಳನ್ನು ಬರಿಷ್ ಕ್ರಿಸ್ಪ್ ಇಂಗ್ಲಿಷಿಗೆ ತಂದು 1792ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದನು. ನೇಗಿಲು ಕೊಳ್ಳಲು ಶಕ್ತಿಯಿಲ್ಲದ ರೈತನಿಗೆ ಮುಂಗಡ ಕೊಡಬೇಕು, ಬಲಾಢ್ಯನು ತನ್ನ ಪಾಲಿನ ಕಂದಾಯವನ್ನು ಬಡವನ ಮೇಲೆ ಹೇರದಂತೆ ನೋಡಬೇಕು ಎಂದು ಅವು ಅಮಲ್ದಾರನಿಗೆ ವಿಧಿಸುತ್ತವೆ. ತಪ್ಪು ಮಾಡಿದ ರೈತನಿಂದ ದಂಡದ ಹಣ ವಸೂಲು ಮಾಡುವ ಬದಲು ಅವನಿಂದ ಊರ ಮುಂದೆ ಮರಗಳನ್ನು ನೆಡಿಸಿ, ಅವು ಬೆಳೆದು ನಿಲ್ಲುವವರೆಗೆ ನೀರೆರೆಯುವಂತೆ ಮಾಡಬೇಕೆಂಬ ನಿಬಂಧನೆಯೂ ಅವುಗಳಲ್ಲಿದೆ. ನಡತೆಯಲ್ಲಿ ಆದ ಕೊರತೆಯನ್ನು ನೆಲದಲ್ಲಿ ತುಂಬಿಸುವ ಈ ಕ್ರಮದಲ್ಲಿ, ಮೀಜಾನ್‌ನ ಎರಡು ಅರ್ಥಗಳು ಆಡಳಿತದ ಒಂದೇ ಸಾಲಿನಲ್ಲಿ ಕೂಡುತ್ತವೆ.

ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆ ಕಟ್ಟುವ ಸಂಕಲ್ಪವನ್ನು ಸಾರುವ ಪಾರಸಿ ಶಾಸನವೂ ಇದೇ ಮನೋಧರ್ಮದ್ದು. ಆ ಅಣೆಯ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದ ನಾಲ್ಕನೆಯ ಒಂದು ಪಾಲನ್ನು ದೇವರ ಹೆಸರಿನಲ್ಲಿ ಬಿಟ್ಟುಕೊಡುವ ಘೋಷಣೆ ಅದರಲ್ಲಿದೆ. ಅಣೆ ಆ ಕಾಲದಲ್ಲಿ ಏಳಲಿಲ್ಲ. ಕೃಷ್ಣರಾಜಸಾಗರ ಕಟ್ಟುವ ವೇಳೆ ದೊರೆತ ಶಾಸನ ಮಾತ್ರ ಉಳಿಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಬರಹದ ತಕ್ಕಡಿಯೇ ವಾಲಿದಂತಾಗುತ್ತದೆ. ನಿಬಂಧನೆಯ ಕಾಗದ ಬೇರೆ, ದಂಡು ಹಾಯ್ದ ನೆಲ ಬೇರೆ. 1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧದಲ್ಲಿ ಕೊಯಮತ್ತೂರಿನ ಕೋಟೆ ಕೈಯಿಂದ ಕೈಗೆ ಹೋಯಿತು. ಎರಡೂ ಪಕ್ಷದ ಸೈನ್ಯಗಳು ಸುತ್ತಲಿನ ಹಳ್ಳಿಗಳ ದವಸ, ದನಗಳ ಮೇಲೆ ಬದುಕಿದವು. ರೈತನಿಗೆ ನೇಗಿಲು ಕೊಡಬೇಕೆಂದ ರಾಜ್ಯವೇ ಅವನ ಎತ್ತುಗಳನ್ನು ತೋಪು ಎಳೆಯಲು ಒಯ್ಯಬಲ್ಲದು. ಯುದ್ಧ ಮುಗಿದ ಮೇಲೆ, 1800ರ ಕೊನೆಯಲ್ಲಿ, ಕಂಪನಿಯ ಅಪ್ಪಣೆಯಂತೆ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೆರೆ, ಕಾಲುವೆ, ಬಾವಿ, ಮಣ್ಣು, ಬೆಳೆ, ಮಗ್ಗಗಳ ವಿವರಗಳನ್ನು ಬರೆದಿಟ್ಟನು. 1807ರಲ್ಲಿ ಪ್ರಕಟವಾದ ಆ ದಾಖಲೆ ಇಂದಿಗೂ ಈ ನಾಡಿನ ಚರಿತ್ರೆಗೆ ಮುಖ್ಯ ಆಕರ. ಆದರೆ ಅದರ ಉದ್ದೇಶವೂ ಎಷ್ಟು ತೆಗೆಯಬಹುದು ಎಂಬುದೇ ಆಗಿತ್ತು. ಎರಡು ಆಳ್ವಿಕೆಗಳೂ ಅಳೆದವು. ಅಳತೆಗೆ ನೀತಿಯ ಹೊಣೆಯಿದೆ ಎಂಬ ಮಾತು ಮೊದಲನೆಯದರ ಕಾಗದದಲ್ಲಾದರೂ ಇತ್ತು. ಎರಡನೆಯದರಲ್ಲಿ ಅಳತೆ ಅಳತೆಯಷ್ಟೇ ಆಯಿತು.

ನೊಯ್ಯಲ್: ತುಂಬಿದ್ದನ್ನು ದಾಟಿಸುವ ಲೆಕ್ಕ

ಪಶ್ಚಿಮಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ಕೊಯಮತ್ತೂರು, ತಿರುಪ್ಪೂರು, ಈರೋಡು, ಕರೂರು ಜಿಲ್ಲೆಗಳಲ್ಲಿ ಸುಮಾರು 170 ಕಿಲೋಮೀಟರ್ ಹರಿದು ಕಾವೇರಿಯನ್ನು ಸೇರುತ್ತದೆ. ಅದರ ಹಳೆಯ ಹೆಸರು ಕಾಂಚಿಮಾನದಿ. ಘಟ್ಟದ ಮಳೆಯ ನೆರಳಿನಲ್ಲಿರುವ ಈ ಒಣಸೀಮೆಗೆ ಅದು ವರ್ಷವಿಡೀ ತುಂಬಿ ಹರಿಯುವ ನದಿಯಲ್ಲ. ಮಳೆಗಾಲದಲ್ಲಿ ಒಮ್ಮೆಗೇ ಬರುತ್ತದೆ, ಆಮೇಲೆ ಸೊರಗುತ್ತದೆ. ಈ ಸ್ವಭಾವವನ್ನು ಅರಿತ ಹಿಂದಿನವರು ನದಿಗೆ ಅಡ್ಡಲಾಗಿ ಸಣ್ಣ ಅಣೆಗಳನ್ನು ಕಟ್ಟಿ, ಕಾಲುವೆಗಳ ಮೂಲಕ ಮೂವತ್ತಕ್ಕೂ ಹೆಚ್ಚು ಕೆರೆಗಳಿಗೆ ನೀರು ಹಾಯಿಸಿದರು. ಉಕ್ಕಡದ ಪೆರಿಯಕುಳಂ, ವಾಲಾಂಕುಳಂ, ಕುರಿಚ್ಚಿ, ಸಿಂಗಾನಲ್ಲೂರು, ಸೂಲೂರು ಕೆರೆಗಳು ಈ ಸರಪಳಿಯ ಕೊಂಡಿಗಳು. ಒಂದು ಕೆರೆ ತುಂಬಿದರೆ ಅದರ ಕೋಡಿಯ ನೀರು ಮುಂದಿನ ಕೆರೆಗೆ ಅಥವಾ ಮರಳಿ ನದಿಗೆ. ತನ್ನ ಪಾಲನ್ನು ಹಿಡಿದಿಟ್ಟುಕೊಂಡು ಮಿಕ್ಕಿದ್ದನ್ನು ಕೆಳಗಿನವನಿಗೆ ದಾಟಿಸುವುದೇ ಈ ವ್ಯವಸ್ಥೆಯ ತಿರುಳು.

ಈ ಕೆರೆಗಳನ್ನು ಕಟ್ಟಿಸಿದವರು ಕೊಂಗುನಾಡಿನ ಹಿಂದಿನ ಅರಸರು, ಊರವರು. ಅವು ಮೀಜಾನ್ ಎಂಬ ಪದದಿಂದ ಹುಟ್ಟಿದವಲ್ಲ. ಆದರೆ ಸಮೂದ್ ಜನರ ಕಥೆಯ ಸರದಿಯೂ ಕೆರೆಯ ತೂಬಿನ ಸರದಿಯೂ ಒಂದನ್ನೊಂದು ಗುರುತು ಹಿಡಿಯಬಲ್ಲವು. ಕನ್ನಡದಲ್ಲಿ ಇದಕ್ಕೆ ಹದ ಎಂಬ ಪದವಿದೆ. ಮಣ್ಣಿಗೆ ಹದ, ಹಿಟ್ಟಿಗೆ ಹದ, ನೂಲಿಗೆ ಹಾಕುವ ಗಂಜಿಗೆ ಹದ, ಮಾತಿಗೂ ಹದ. ಮೀಜಾನ್ ಎಂಬುದು ಎರಡು ತಟ್ಟೆಗಳನ್ನು ಕಣ್ಣೆದುರಿಗಿಟ್ಟು ಅಳೆಯುವ ಸಮ. ಹದ ಎಂಬುದು ಕೈಯ ಅನುಭವದಿಂದ ತಿಳಿಯುವ ಸಮ. ಮೊದಲನೆಯದಕ್ಕೆ ಸಾಕ್ಷಿಗಳು ಬೇಕು, ಎರಡನೆಯದಕ್ಕೆ ಅಭ್ಯಾಸ ಬೇಕು. ಕೊಯಮತ್ತೂರಿನ ಕನ್ನಡ ನೇಕಾರರ ಕಸುಬು ಹದದ ಮೇಲೆ ನಿಂತಿತ್ತು. ಮುಂದೆ ಬಂದ ಉದ್ಯಮಕ್ಕೆ ಹದ ಸಾಲದೆ ಹೋಯಿತು, ತಕ್ಕಡಿಯೇ ಬೇಕಾಯಿತು. ಏಕೆಂದರೆ ಅದರ ಪರಿಣಾಮ ಕೈಯಳತೆಯನ್ನು ಮೀರಿ ಹತ್ತಾರು ಮೈಲಿ ಕೆಳಗೆ ಕಾಣಿಸಿಕೊಳ್ಳುವಂಥದು.

ಉಪ್ಪಿನ ತೂಕ

ತಿರುಪ್ಪೂರಿನ ಹೆಣಿಗೆ ಉದ್ಯಮದ ಮೊದಲ ಘಟಕ 1925ರ ಸುಮಾರಿಗೆ ಮುಸ್ಲಿಂ ಉದ್ಯಮಿಯೊಬ್ಬರಿಂದ ಆರಂಭವಾಯಿತೆಂದು ಊರಿನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. 1932ರಲ್ಲಿ ಪೈಕಾರ ಜಲವಿದ್ಯುತ್ತು ಬಂದ ಮೇಲೆ ಕೊಯಮತ್ತೂರಿನ ಗಿರಣಿಗಳೂ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳೂ ಬೆಳೆದವು. ಬೆಳೆದ ನಂತರ ಈ ಉದ್ಯಮ ಹೆಚ್ಚಾಗಿ ಕೊಂಗು ರೈತ ಕುಟುಂಬಗಳಿಂದ ಬಂದವರ ಕೈಸೇರಿತು. 1980ರ ದಶಕದಿಂದ ರಫ್ತು ಏರಿತು. ಬಿಳಿ ಬನಿಯನ್ ಜಾಗದಲ್ಲಿ ಬಣ್ಣದ ಉಡುಪು ಬಂದಿತು. ಬಣ್ಣದೊಡನೆ ಉಪ್ಪು ಬಂದಿತು.

ಇಲ್ಲಿಯ ರಸಾಯನವನ್ನು ತುಸು ಬಿಡಿಸಿ ನೋಡಬೇಕು. ಹತ್ತಿಯ ಎಳೆಗೆ ಹಾಕುವ ಆಧುನಿಕ ಬಣ್ಣಗಳು ನೀರಿನಲ್ಲಿ ಋಣ ವಿದ್ಯುದಂಶ ತಳೆಯುತ್ತವೆ. ಹತ್ತಿಯ ಎಳೆಯೂ ಹಾಗೆಯೇ. ಎರಡೂ ಒಂದನ್ನೊಂದು ದೂಡುತ್ತವೆ. ಆ ವಿಕರ್ಷಣೆಯನ್ನು ತಗ್ಗಿಸಿ ಬಣ್ಣವನ್ನು ಎಳೆಯ ಹತ್ತಿರ ತರಲು ಹೇರಳವಾಗಿ ಉಪ್ಪು ಸುರಿಯಬೇಕಾಗುತ್ತದೆ. ಬಣ್ಣ ಬಟ್ಟೆಯಲ್ಲಿ ಉಳಿಯುತ್ತದೆ, ಉಪ್ಪು ಉಳಿಯುವುದಿಲ್ಲ. ಕೊಂಡು ತಂದ ಉಪ್ಪೆಲ್ಲವೂ ತೊಟ್ಟಿಯ ನೀರಿನೊಡನೆ ಹೊರಬೀಳುತ್ತದೆ. ಬಣ್ಣ ಕಣ್ಣಿಗೆ ಕಾಣುವುದರಿಂದ ಜನ ನದಿಯ ಕೆಂಪು ನೀಲಿಗಳ ಬಗೆಗೆ ಮಾತನಾಡಿದರು. ನೆಲವನ್ನು ಕೆಡಿಸಿದ್ದು ಮುಖ್ಯವಾಗಿ ಕಣ್ಣಿಗೆ ಕಾಣದ ಉಪ್ಪು. ಸಾಮಾನ್ಯ ಶುದ್ಧೀಕರಣದಲ್ಲಿ ಬಣ್ಣ, ಕೆಸರು ಕಡಿಮೆಯಾಗುತ್ತವೆ; ಕರಗಿದ ಉಪ್ಪು ಹಾಗೆಯೇ ದಾಟಿ ಹೋಗುತ್ತದೆ. ಹೊರಬಿಡುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 2100 ಮಿಲಿಗ್ರಾಮ್ ಮೀರಕೂಡದು ಎಂಬ ನಿಯಮ ಕಾಗದದಲ್ಲಿತ್ತು. ಸಾಮೂಹಿಕ ಶುದ್ಧೀಕರಣ ಘಟಕಗಳು ಎದ್ದ ಮೇಲೂ ಈ ಗೆರೆಯನ್ನು ಕಾಯ್ದುಕೊಳ್ಳಲಾಗಲಿಲ್ಲ.

1992ರಲ್ಲಿ ನೊಯ್ಯಲ್‌ಗೆ ಅಡ್ಡಲಾಗಿ ಒರತ್ತುಪಾಳಯಂ ಅಣೆಕಟ್ಟು ಸಿದ್ಧವಾಯಿತು. ಕೆಳದಂಡೆಯ ಒಣನೆಲಕ್ಕೆ ನೀರುಣಿಸುವುದು ಅದರ ಗುರಿ. ಕೆಲವೇ ವರ್ಷಗಳಲ್ಲಿ ಅದು ತಿರುಪ್ಪೂರಿನ ಬಣ್ಣದ ತೊಟ್ಟಿಗಳ ನೀರು ನಿಲ್ಲುವ ಕೊಳವಾಯಿತು. ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳನ್ನು ಸೇರಿತು. ತೆಂಗು ಸೊರಗಿತು, ಬಾವಿಯ ನೀರು ಕುಡಿಯಲಾಗದಾಯಿತು, ದನಕರುಗಳಿಗೂ ಆಗದಾಯಿತು. ನೀರು ಬರಲೆಂದು ಕಾದಿದ್ದ ರೈತರು ಆ ನೀರಿನಿಂದಲೇ ರಕ್ಷಣೆ ಬೇಡುವಂತಾಯಿತು. ಮಜಲ್ಲಾ ಸಂಹಿತೆಯ ಹರೀಮ್ ಬಾವಿಯ ಸುತ್ತ 40 ಮೊಳ ಗೆರೆ ಎಳೆದಿತ್ತು. ಇಲ್ಲಿ ಹಾನಿ ಮಾಡುವ ತೊಟ್ಟಿ ಮತ್ತು ಹಾಳಾಗುವ ಬಾವಿಗಳ ನಡುವೆ ಮೈಲಿಗಟ್ಟಲೆ ದೂರವಿತ್ತು. ಹಾನಿಯ ದೂರ ಹೆಚ್ಚಿದಂತೆ ಹೊಣೆ ತೆಳುವಾಗುವುದು ಆಧುನಿಕ ಉದ್ಯಮದ ಲಕ್ಷಣ.

ನೊಯ್ಯಲ್ ನದಿ ಆಯಕಟ್ಟುದಾರರ ರಕ್ಷಣಾ ಸಂಘ 2003ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2006ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಬಣ್ಣದ ಘಟಕಗಳಿಗೆ ಕಟ್ಟುಪಾಡು ವಿಧಿಸಿತು. ಮೇಲ್ಮನವಿಯನ್ನು ಕೇಳಿದ ಸರ್ವೋಚ್ಚ ನ್ಯಾಯಾಲಯ 2009ರ ಅಕ್ಟೋಬರ್ 6ರಂದು, ಕೆಡಿಸಿದವರೇ ತೆರಬೇಕು ಎಂಬ ತತ್ವವನ್ನು ಎತ್ತಿಹಿಡಿದು, ರೈತರ ನಷ್ಟವನ್ನೂ ನದಿಯನ್ನು ಮರಳಿ ಸರಿಪಡಿಸುವ ವೆಚ್ಚವನ್ನೂ ಘಟಕಗಳು ಭರಿಸಬೇಕೆಂದಿತು. ಇದೇ ತತ್ವವನ್ನು ಅದು 1996ರಲ್ಲಿ ವೆಲ್ಲೂರು ಸೀಮೆಯ ಚರ್ಮ ಹದಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಭಾರತೀಯ ಕಾನೂನಿನ ಭಾಗವೆಂದು ಸಾರಿತ್ತು. ಆದೇಶ ಪಾಲನೆಯಾಗದಿದ್ದಾಗ 2011ರ ಜನವರಿ 28ರಂದು ಉಚ್ಚ ನ್ಯಾಯಾಲಯ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳು ನಿಂತವು. ದಿನಗೂಲಿಯ ಮೇಲೆ ಬದುಕುತ್ತಿದ್ದ ಕಾರ್ಮಿಕರು ಊರು ಬಿಟ್ಟರು. ತಕ್ಕಡಿಯ ಒಂದು ತಟ್ಟೆಯಲ್ಲಿ ರೈತನ ಬಾವಿ, ಇನ್ನೊಂದರಲ್ಲಿ ಕಾರ್ಮಿಕನ ಕೂಲಿ. ಬಡವರನ್ನು ಬಡವರ ಎದುರು ತೂಗಬೇಕಾದ ಸ್ಥಿತಿಯೇ ಹಿಂದಿನ ಮೂರು ದಶಕಗಳ ಲೆಕ್ಕ ತಪ್ಪಿದ್ದಕ್ಕೆ ಸಾಕ್ಷಿ.

ಬಳಿಕ ಬಂದದ್ದು ಹನಿ ನೀರನ್ನೂ ಹೊರಬಿಡದ ಶುದ್ಧೀಕರಣದ ಕ್ರಮ. ತೊಟ್ಟಿಯ ನೀರನ್ನು ಮೊದಲು ಜೈವಿಕವಾಗಿ ಶುದ್ಧಮಾಡಿ, ಸೂಕ್ಷ್ಮ ಪೊರೆಗಳ ಮೂಲಕ ಒತ್ತಡದಿಂದ ದಾಟಿಸಿ ಸಿಹಿನೀರನ್ನು ಮರಳಿ ಬಳಸುತ್ತಾರೆ. ಉಳಿದ ಉಪ್ಪುನೀರನ್ನು ಕಾಯಿಸಿ ಆವಿಯಾಗಿಸಿ ಉಪ್ಪನ್ನೂ ಮರಳಿ ಪಡೆಯುತ್ತಾರೆ. ಇಷ್ಟಾದರೂ ಕೊನೆಯಲ್ಲಿ ಬಳಕೆಗೆ ಬಾರದ ಮಿಶ್ರಲವಣ ಉಳಿಯುತ್ತದೆ. ಅದನ್ನು ಚೀಲಗಳಲ್ಲಿ ತುಂಬಿ ಕೂಡಿಡಬೇಕಾಗುತ್ತದೆ. ಆವಿಯಾಗಿಸಲು ಉರುವಲು ಬೇಕು. ನದಿಯ ತಟ್ಟೆಯಿಂದ ಇಳಿದ ಭಾರ ಗಾಳಿಯ ತಟ್ಟೆಗೆ ಅಷ್ಟಿಷ್ಟು ಸೇರುತ್ತದೆ. ಆದರೂ ಮೊದಲ ಬಾರಿಗೆ ಉಪ್ಪು ಲೆಕ್ಕಪುಸ್ತಕದೊಳಗೆ ಬಂದಿತೆಂಬುದು ಸಣ್ಣ ಮಾತಲ್ಲ. ಅದುವರೆಗೆ ಬನಿಯನ್ನಿನ ಬೆಲೆಯಲ್ಲಿ ನೂಲು, ಬಣ್ಣ, ಕೂಲಿ, ವಿದ್ಯುತ್ತು, ಸಾಗಣೆ ಎಲ್ಲವೂ ಇದ್ದವು. ಒರತ್ತುಪಾಳಯದ ಬಾವಿ ಇರಲಿಲ್ಲ. ಆ ಬನಿಯನ್ನನ್ನು ಅಗ್ಗವಾಗಿ ಕೊಂಡ ದೂರದೇಶದ ಗಿರಾಕಿಯೂ ಕಡಿಮೆ ತೂಕದ ಬಟ್ಟಿನಿಂದ ಲಾಭ ಪಡೆದವನೇ. 83ನೆಯ ಅಧ್ಯಾಯ ಖಂಡಿಸುವ, ಕೊಳ್ಳುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿತ ಮಾಡುವ ನಡತೆಯ ಹೊಸ ರೂಪವಿದು: ನದಿಯಿಂದ ನೀರು ಪೂರ್ತಿ ತೆಗೆದುಕೊಂಡು, ಮರಳಿಸುವಾಗ ಉಪ್ಪು ಮರಳಿಸಿದ್ದು.

ಫಸಾದ್ ಎಂಬ ಪದದ ಎರಡು ಮುಖ

ಕುರ್‌ಆನಿನ 30ನೆಯ ಅಧ್ಯಾಯದಲ್ಲಿ, ಮನುಷ್ಯರ ಕೈಗಳು ಗಳಿಸಿದ್ದರ ಫಲವಾಗಿ ನೆಲದಲ್ಲೂ ನೀರಿನಲ್ಲೂ ಫಸಾದ್ ತೋರಿದೆ ಎಂಬ ಅರ್ಥದ ಮಾತಿದೆ. ಇಂದಿನ ಪರಿಸರ ಚಿಂತಕರು ಅದನ್ನು ಮತ್ತೆಮತ್ತೆ ನೆನೆಯುತ್ತಾರೆ. ಉರ್ದುವಿನ ದಿನಬಳಕೆಯಲ್ಲಾದರೋ ಫಸಾದ್ ಎಂದರೆ ಗಲಭೆ. ಕೊಯಮತ್ತೂರು ಈ ಪದದ ಎರಡೂ ಮುಖಗಳನ್ನು ಒಂದೇ ದಶಕದಲ್ಲಿ ಕಂಡಿತು. ಒರತ್ತುಪಾಳಯದ ನೀರು ಕೆಡುತ್ತಿದ್ದ ಕಾಲದಲ್ಲೇ, 1997ರ ನವೆಂಬರ್ ಕೊನೆಯಲ್ಲಿ ಪೊಲೀಸ್ ಪೇದೆಯೊಬ್ಬರ ಕೊಲೆಯ ಬೆನ್ನಿಗೆ ನಗರದಲ್ಲಿ ಹಿಂಸೆ ನಡೆದು ಮುಸಲ್ಮಾನರು ಜೀವ ಕಳೆದುಕೊಂಡರು. 1998ರ ಫೆಬ್ರವರಿ 14ರ ಸರಣಿ ಬಾಂಬ್ ಸ್ಫೋಟಗಳಲ್ಲಿ 58 ಮಂದಿ ಸತ್ತರು. ಒಂದು ಕಡೆಯ ನೋವನ್ನು ಮಾತ್ರ ಎಣಿಸಿ ಇನ್ನೊಂದು ಕಡೆಯದನ್ನು ಬಿಟ್ಟುಬಿಡುವ ಲೆಕ್ಕ ಆಗಲೂ ನಡೆಯಿತು, ಈಗಲೂ ನಿಂತಿಲ್ಲ.

ಮೀಜಾನ್‌ನ ಸಂಪ್ರದಾಯ ಇಲ್ಲಿ ಯಾರಿಗೂ ಸುಲಭದ ಸಮಾಧಾನ ಕೊಡುವುದಿಲ್ಲ. ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ತಾತ್ಪರ್ಯದ ವಿಧಿ ಕುರ್‌ಆನಿನ 5ನೆಯ ಅಧ್ಯಾಯದಲ್ಲಿದೆ. ಅಲ್ಲಿ ನ್ಯಾಯಕ್ಕೆ ಬಳಕೆಯಾದ ಪದ ಅದ್ಲ್. ಹಾನಿಗೆ ಪ್ರತಿಯಾಗಿ ಹಾನಿ ಎಸಗಕೂಡದೆಂಬ ಸೂತ್ರವೂ ಅದನ್ನೇ ಹೇಳುತ್ತದೆ. ಸ್ಫೋಟ ನಡೆಸಿದವರು ಯಾವ ಗ್ರಂಥದ ಹೆಸರು ಹೇಳಿದರೂ, ಆ ಗ್ರಂಥದ ತಕ್ಕಡಿಯಲ್ಲಿ ಅವರ ಕೃತ್ಯ ಹಗುರವಾಗಿಯೇ ತೂಗುತ್ತದೆ. ಗಲಭೆ ನಡೆಸಿದವರಿಗೂ ಅವರವರ ಸಂಪ್ರದಾಯದಲ್ಲಿ ಇಂಥದೇ ತಕ್ಕಡಿಯಿದೆ.

ಉಳಿದ ಬಾಕಿ

20ನೆಯ ಶತಮಾನದ ಉತ್ತರಾರ್ಧದಲ್ಲಿ ಮೀಜಾನ್‌ನ ಬ್ರಹ್ಮಾಂಡದ ಅರ್ಥ ಮತ್ತೆ ಚಲಾವಣೆಗೆ ಬಂದಿತು. ಸಯ್ಯಿದ್ ಹುಸೈನ್ ನಸ್ರ್ 1966ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮನುಷ್ಯ ಮತ್ತು ನಿಸರ್ಗವನ್ನು ಕುರಿತು ಉಪನ್ಯಾಸ ನೀಡಿದರು. 2015ರಲ್ಲಿ ಇಸ್ತಾಂಬುಲಿನಲ್ಲಿ ಹವಾಮಾನವನ್ನು ಕುರಿತ ಇಸ್ಲಾಮೀ ಘೋಷಣೆ ಹೊರಬಿತ್ತು. 2024ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆಯ ಸಂದರ್ಭದಲ್ಲಿ ನೈರೋಬಿಯಲ್ಲಿ ಬಿಡುಗಡೆಯಾದ, ಭೂಮಿಗಾಗಿ ಮಾಡಿಕೊಂಡ ಒಡಂಬಡಿಕೆಯ ರೂಪದ ದಾಖಲೆಗೆ ಅಲ್-ಮೀಜಾನ್ ಎಂಬ ಹೆಸರನ್ನೇ ಇಡಲಾಯಿತು. ಈ ಬರಹಗಳಲ್ಲಿ ಸಮತೋಲವೆಂಬುದು ಹೆಚ್ಚಾಗಿ ನಿಸರ್ಗದ ಸಾಮರಸ್ಯವಾಗಿ, ಸ್ತುತಿಗೆ ಯೋಗ್ಯವಾದ ದೃಶ್ಯವಾಗಿ ಕಾಣಿಸಿಕೊಳ್ಳುತ್ತದೆ. ನೊಯ್ಯಲ್ ದಡದ ಅನುಭವ ಇದಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ. ಮೀಜಾನ್ ಮೊದಲಿಗೆ ಸಂತೆಯ ಉಪಕರಣ. ಬಟ್ಟು ಸರಿಯಿದೆಯೇ, ತಟ್ಟೆ ಸಮವಿದೆಯೇ, ತೂಗುವಾಗ ಹೆಬ್ಬೆರಳು ತಟ್ಟೆಯ ಮೇಲಿದೆಯೇ ಎಂದು ಯಾರಾದರೂ ಬಗ್ಗಿ ನೋಡದಿದ್ದರೆ ತಕ್ಕಡಿಯಿದ್ದೂ ಇಲ್ಲದಂತೆ. ನಸ್ರ್ ಹೇಳಿದ ಪಾವಿತ್ರ್ಯಕ್ಕೂ ಅಶ್-ಶೈಜರಿಯ ಮುಹ್ತಸಿಬನ ತಪಾಸಣೆಗೂ ಸಂಬಂಧ ಕೂಡಿಸಿದಾಗ ಮಾತ್ರ ಪದ ತನ್ನ ಪೂರ್ಣಾರ್ಥವನ್ನು ಪಡೆಯುತ್ತದೆ.

ಕನ್ನಡದ ಮಟ್ಟಿಗೂ ಇದರಿಂದ ತಿಳಿಯುವುದೊಂದಿದೆ. ವಜನು, ತ್ರಾಸು, ಬಾಕಿ, ಅದಾಲತ್ತು ಮೊದಲಾದ ಪದಗಳನ್ನು ಅನ್ಯದೇಶ್ಯವೆಂಬ ತಲೆಬರಹದ ಕೆಳಗೆ ಪಟ್ಟಿಮಾಡಿ ಮುಗಿಸುವ ರೂಢಿ ವ್ಯಾಕರಣದಲ್ಲಿದೆ. ಗಜಲಹಟ್ಟಿಯ ಕಣಿವೆ ಇಳಿದು ತಮಿಳು ನಾಡಿನ ನಡುವೆ ನೆಲೆಸಿದ ಕನ್ನಡ ಸಮುದಾಯಗಳ ನೆಲದಲ್ಲಿ ನಿಂತು ನೋಡಿದರೆ ಅವು ಹೊರಗಿನವಾಗಿ ತೋರುವುದಿಲ್ಲ. ಮೂರು ನಾಲ್ಕು ಭಾಷೆಗಳ ಜನ ಒಂದೇ ಕೆರೆಯ ನೀರು ಕುಡಿದು ಒಂದೇ ಸಂತೆಯಲ್ಲಿ ತೂಗಿಸಿಕೊಂಡ ಚರಿತ್ರೆ ಆ ಪದಗಳಲ್ಲಿದೆ.

ಬಾಕಿ ಎಂಬ ಅರಬ್ಬಿ ಪದಕ್ಕೆ ಉಳಿದದ್ದು ಎಂದರ್ಥ. ಕನ್ನಡದ ಲೆಕ್ಕಪುಸ್ತಕದಲ್ಲಿ ಅದು ತೀರಿಸಬೇಕಾದದ್ದು ಎಂಬ ಅರ್ಥವನ್ನು ಪಡೆಯಿತು. ಘಟಕಗಳು ನೀರನ್ನು ಮರಳಿ ಬಳಸತೊಡಗಿ ವರ್ಷಗಳು ಕಳೆದಿವೆ. ಆದರೆ ನೆಲಕ್ಕಿಳಿದ ಉಪ್ಪು ನ್ಯಾಯಾಲಯದ ದಿನಾಂಕಗಳಿಗೆ ಕಟ್ಟುಬೀಳುವುದಿಲ್ಲ; ಮಳೆಯಿಂದ ಮಳೆಗೆ, ಬಾವಿಯಿಂದ ಬಾವಿಗೆ, ತನ್ನ ಗತಿಯಲ್ಲೇ ಇಳಿಯುತ್ತದೆ. ಒರತ್ತುಪಾಳಯದ ಕೆಳಗಿನ ಹೊಲದವನಿಗೆ ಆ ಉಪ್ಪು ಎರಡೂ ಅರ್ಥದಲ್ಲಿ ಬಾಕಿಯೇ: ನೆಲದಲ್ಲಿ ಇನ್ನೂ ಉಳಿದದ್ದು, ಮತ್ತು ಯಾರೋ ಅವನಿಗೆ ಇನ್ನೂ ತೀರಿಸಬೇಕಾದದ್ದು.